ಹಾಫ್ ಕ್ಲಚ್ಚು ಮತ್ತು ಡಿಕ್ಕಿಯ ಕಲ್ಲು

ನಮ್ಮ ಮನೆಯ ಕಾರಿನ ಡಿಕ್ಕಿಯಲ್ಲಿ ಒಂದು ಗುಂಡುಕಲ್ಲಿತ್ತು. ಸ್ಟೆಪ್ನಿ ಇಲ್ಲದೆ ಹೊರಟ ದಿನಗಳುಂಟು, ಕಲ್ಲಿಲ್ಲದೆ ಹೊರಟ ದಿನವಿಲ್ಲ. ಪಾಂಡವಪುರದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ನಾಲೆಯ ಸೇತುವೆಗೆ ಹತ್ತುವ ಒಂದು ಕಿರಿದಾದ ಏರು ಇದೆ. ಕಬ್ಬಿನ ಕಾಲದಲ್ಲಿ ಎದುರಿಗೊಂದು ಟ್ರಾಕ್ಟರು ಬಂದೇ ಬರುತ್ತದೆ. ಕಾರನ್ನು ಏರಿನ ಮಧ್ಯೆ ನಿಲ್ಲಿಸಬೇಕು. ಮತ್ತೆ ಹೊರಡಲು ಹೋದರೆ ಅದು ಹಿಂದಕ್ಕೆ ಜಾರುತ್ತದೆ. ಆಗ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಸ್ಟೇರಿಂಗ್ ಬಿಡದೆ "ಕಲ್ ಕೊಡಮ್ಮಿ" ಎನ್ನುತ್ತಿದ್ದರು. ಅವರ ಹೆಂಡತಿ ಜಯಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಕಾರು ಭರ್ರನೆ ಮೇಲೆ ಹೋಗಿ ನಿಲ್ಲುತ್ತಿತ್ತು. ಜಯಕ್ಕ ಕಲ್ಲು ಹೊತ್ತು ನಡೆದು ಹತ್ತುವಷ್ಟರಲ್ಲಿ ಭಾವ, "ಎಂಗ್ ಅತ್ತಿಸ್ದೆ ನೋಡು!" ಎಂದು ಮೀಸೆ ಸವರಿಕೊಳ್ಳುತ್ತಿದ್ದರು.

ಜಯಕ್ಕನಿಗೆ ಮಂಡಿನೋವು ಶುರುವಾದಾಗ ಆ ಕಲ್ಲು ಕಿರಿಸೊಸೆಯಾದ ನನಗೆ ವರ್ಗವಾಗುವುದು ಖಚಿತವಾಯಿತು. ಅದನ್ನು ಹೊರುವುದಕ್ಕಿಂತ ಲೈಸೆನ್ಸ್ ತೆಗೆದುಕೊಳ್ಳುವುದೇ ವಾಸಿ ಅನ್ನಿಸಿತು. ನಮ್ಮ ಯಜಮಾನರಿಗೆ ಕಾರು ಎಂದರೆ ನಿದ್ದೆ ಮಾಡುವ ಜಾಗ. ಹಾಗಾಗಿ ಭಾವನವರೇ ಗುರುಗಳಾದರು.

ಬಿಡು, ಎಲ್ಲವನ್ನೂ ಬಿಡು ಎಂದು ನಮ್ಮ ವೇದಾಂತಿಗಳು ಹೇಳುತ್ತಲೇ ಬಂದಿದ್ದಾರೆ. ಎಷ್ಟು ನಿಧಾನವಾಗಿ ಬಿಡಬೇಕೆಂದು ಮಾತ್ರ ಯಾರೂ ಹೇಳಿದಂತಿಲ್ಲ. ಭಾವನ ಕ್ಲಚ್ಚು ಬೋಧನೆಯೂ ಅಷ್ಟೇ: "ಬುಡವ್ವಾ, ಬುಡು, ಬುಡು!" ಬಿಟ್ಟೆ. ಕಾರು ಹಗ್ಗ ಬಿಚ್ಚಿದ ಕರುವಿನಂತೆ ನೆಗೆದು ಆಫ್ ಆಯಿತು. "ಎಣ್ಮಕ್ಳಿಗೆ ಕ್ಲಚ್ಚು ಬಗ್ಗಕ್ಕಿಲ್ಲ" ಎಂದರು. ಏರು ಹತ್ತಿಸುವುದು ಹೇಗೆ ಎಂದು ಕೇಳಿದರೆ ಅವರಿಗೇ ಆಶ್ಚರ್ಯ. "ಅದಕ್ಕೆ ಅಂತ ಕಲ್ಲಿಲ್ವಾ?" ಹಾಗಾಗಿ ನಾನು ಕಲಿಯುವಾಗಲೂ ಕಲ್ಲು ಕೊಡಲು ಜಯಕ್ಕನೇ ಬರಬೇಕಾಯಿತು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಕಾರನ್ನು ಏರಿನ ಮೇಲೆ ನಿಲ್ಲಿಸಿ ಹೊರಡಲು ಹೇಳಿದರು. ಕಾರು ಜಾರಿತು. ನಾನು ಬ್ರೇಕು ತುಳಿದು, ಅಭ್ಯಾಸಬಲದಿಂದ ಕಿಟಕಿಯಾಚೆ ತಲೆ ಹಾಕಿ "ಅಕ್ಕಾ, ಕಲ್ಲು!" ಎಂದು ಕೂಗಿಬಿಟ್ಟೆ. ಭಾವನ ಜೊತೆ ಬಂದು, ಯಾವುದಕ್ಕೂ ಇರಲಿ ಎಂದು ಡಿಕ್ಕಿಯ ಕಲ್ಲನ್ನು ಇಳಿಸಿಟ್ಟುಕೊಂಡಿದ್ದ ಜಯಕ್ಕ, ಮಂಡಿನೋವಿನಲ್ಲೂ ಬೇಲಿಯ ಪಕ್ಕದಿಂದ ಅದನ್ನು ಹೊತ್ತು ಓಡಿ ಬಂದೇಬಿಟ್ಟರು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು, "ಯಾರಮ್ಮ ನಿಮಗೆ ಕಲಿಸಿದ್ದು? ಅವರ ಲೈಸೆನ್ಸ್ ತೋರಿಸೋಕೆ ಹೇಳಿ" ಎಂದರು. ಬೇಲಿಯ ಹತ್ತಿರ ನಿಂತು ಅದುವರೆಗೆ ನನಗೆ ಸಲಹೆ ಕೂಗುತ್ತಿದ್ದ ಭಾವ ಟೀ ಕುಡಿಯಲು ಹೋಗಿದ್ದರು. ಅವರಿಗೆ ಲೈಸೆನ್ಸೇ ಇಲ್ಲವೆಂದು ನಮಗೆ ಗೊತ್ತಾದದ್ದು ಅಂದೇ.

ಆಮೇಲೆ ಡ್ರೈವಿಂಗ್ ಸ್ಕೂಲು ಸೇರಿದೆ. ಅಲ್ಲಿ ಹಾಫ್ ಕ್ಲಚ್ಚು ಕಲಿಸಿದರು. ಕ್ಲಚ್ಚು ತುಳಿದ ಎಡಗಾಲನ್ನು ಮೆಲ್ಲಗೆ ಮೇಲೆತ್ತುತ್ತ ಬಂದರೆ ಒಂದು ಕಡೆ ಎಂಜಿನ್ನಿನ ದನಿ ಕುಗ್ಗುತ್ತದೆ, ಕಾರು ಸಣ್ಣಗೆ ನಡುಗುತ್ತದೆ. ಕಾಲನ್ನು ಅಲ್ಲೇ ಹಿಡಿದು ಹ್ಯಾಂಡ್‌ಬ್ರೇಕ್ ಇಳಿಸಿದರೆ ಏರಿನಲ್ಲೂ ಅಲುಗದೆ ನಿಲ್ಲುತ್ತದೆ. ಇಷ್ಟೇನಾ ಎಂದು ನನಗೆ ಸಿಟ್ಟೇ ಬಂತು. ಈ ಇಷ್ಟಕ್ಕಾಗಿ ಜಯಕ್ಕನ ಮಂಡಿ ಹೋಯಿತಲ್ಲ!

ಎರಡನೇ ಸಲ ಪಾಸಾದೆ. ಮೊದಲ ಸವಾರಿಗೆ ಪಕ್ಕದಲ್ಲಿ ಜಯಕ್ಕ, ಲೈಸೆನ್ಸಿಲ್ಲದ ಭಾವ ಹಿಂದಿನ ಸೀಟಿನಲ್ಲಿ. ನಾಲೆಯ ಏರಿನಲ್ಲಿ ಎಂದಿನಂತೆ ಟ್ರಾಕ್ಟರು ಎದುರಾಯಿತು, ಕಾರು ನಿಂತಿತು. ಜಯಕ್ಕ ಆಗಲೇ ಬಾಗಿಲು ತೆಗೆದು ಒಂದು ಕಾಲು ಇಳಿಸಿದ್ದರು.

"ಕೂತ್ಕೊಳ್ಳಿ ಅಕ್ಕ" ಎಂದೆ.

ಟ್ರಾಕ್ಟರು ದಾಟಿತು. ಕಾರು ನಡುಗಿತು, ಜಾರದೆ ನಿಂತಿತು, ಹತ್ತಿತು. ಹಿಂದಿನಿಂದ ಭಾವ ಕೆಮ್ಮಿದರು. "ಏರು ಮೊದ್ಲಿನಂಗಿಲ್ಲ ಬುಡು. ತಗ್ಗಾಗದೆ."

ಜಯಕ್ಕ ತಿರುಗಿಯೂ ನೋಡಲಿಲ್ಲ. "ನಿಲ್ಸವ್ವ ಕಾರ. ಇವ್ರು ಇಳ್ದು ಆ ಕಲ್ಲ ಕೆಳಗಡೆ ಇಟ್ಬುಟ್ಟು ನಡ್ಕಂಡ್ ಬರ್ಲಿ. ತಗ್ಗಾಗಿದ್ರೆ ಅತ್ತಕ್ಕೇನು ಕಷ್ಟ?"

ನಾನು ಹ್ಯಾಂಡ್‌ಬ್ರೇಕ್ ಎಳೆದೆ.