ಸಂಜೆಗೆ ನೀರು ಬಿಡುವ ಜೀಪು

ನಮ್ಮ ಜೀಪಿನ ರೇಡಿಯೇಟರಿನ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಬಿರಡೆ ಇತ್ತು. ಅದನ್ನು ತಿರುಗಿಸಿ ಬಿಚ್ಚಿದರೆ ಒಳಗಿನ ನೀರೆಲ್ಲ ನೆಲಕ್ಕೆ ಸುರಿದುಹೋಗುತ್ತದೆ. ಅದರ ಕೆಲಸ ಅಷ್ಟೇ. ಬೇರೆ ಜೀಪಿನವರು ಅದನ್ನು ಎಂದೋ ಒಮ್ಮೆ ಮುಟ್ಟಿದರೆ ಮುಟ್ಟಿದರು, ಇಲ್ಲವಾದರೆ ಇಲ್ಲ. ನಮ್ಮ ಯಜಮಾನರು ಮಾತ್ರ ದಿನಾ ಸಂಜೆ ಇಂಜಿನ್ನು ತಣ್ಣಗಾಗುವುದನ್ನೇ ಕಾದು, ಕುಕ್ಕರಗಾಲಲ್ಲಿ ಕೂತು, ಅದನ್ನು ಬಿಚ್ಚುತ್ತಿದ್ದರು.

ಎತ್ತು ಸಾಕಿದ ಕೈ ಅದು, ನೋಡಿ. ಹೊಲದಿಂದ ಬಂದ ಎತ್ತಿನ ಮೈ ತೊಳೆದು ಕಲಗಚ್ಚು ಇಟ್ಟು ಅಭ್ಯಾಸ. ಕೊಟ್ಟಿಗೆಗೆ ಎತ್ತಿನ ಬದಲು ಜೀಪು ಬಂದರೂ ಕೈಯ ಬುದ್ಧಿ ಬದಲಾಗಲಿಲ್ಲ. ದಿನವೆಲ್ಲ ಕುದ್ದ ನೀರು ಒಳಗೇ ಕೊಳೆಯಬಾರದು, ರಾತ್ರಿ ಅದರ ಹೊಟ್ಟೆ ಹಗುರವಾಗಿರಬೇಕು, ಬೆಳಿಗ್ಗೆ ಬಾವಿಯ ಹೊಸ ನೀರು ಕುಡಿಸಿಯೇ ಹೊರಡಿಸಬೇಕು ಎನ್ನುವುದು ಅವರ ಶಾಸ್ತ್ರ. ಅರಸೀಕೆರೆಯ ಮಂಡಿಗೆ ಕೊಬ್ಬರಿ ಹಾಕಿಕೊಂಡು ಹೋಗುವ ಜಾವಗಲ್ಲಿನ ಕಡೆಯವರೆಲ್ಲ ಇದನ್ನು ಕಂಡು ನಗುತ್ತಿದ್ದರು. "ಏನ್ಲಾ, ಜೀಪಿಗೆ ಹಿಂಡಿ ಬೂಸಾನೂ ಇಡ್ತೀಯೇನ್ಲಾ?" ಎಂದು ಕೇಳುತ್ತಿದ್ದರು. ಇವರು ತಲೆ ಎತ್ತುತ್ತಿರಲಿಲ್ಲ.

ಆ ಬೆಳಗಿನ ನೀರು ಹೊರುತ್ತಿದ್ದವಳು ನಾನು.

"ಗಿರಿಜೇ, ನೀರ್ ತತ್ತಾರೇ!" ಎಂದು ಅಂಗಳದಿಂದ ಕೂಗು ಬಂದರೆ ಬೆಳಗಾಯಿತು ಎಂದೇ ಅರ್ಥ. ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿರಲಿ, ಕೈ ಹಿಟ್ಟಾಗಿರಲಿ, ಕೊಡ ಎತ್ತಿಕೊಂಡು ಹೋಗಬೇಕು. ಸೊಂಟ ನೋಯುತ್ತಿದ್ದ ದಿನ ನಾನೂ ಸುಮ್ಮನಿರುತ್ತಿರಲಿಲ್ಲ. "ನಿಮ್ಮ ಜೀಪಿಗೆ ನೀರು ಹೊರಾಕೆ ನನ್ನ ಕಟ್ಕಂಡ್ರಾ?" ಎಂದರೆ, "ಎತ್ತಿದ್ದಾಗ ಎತ್ತಿಗೂ ಹೊತ್ತಿದ್ದೀಯಲ್ಲೇ, ಇದೇನ್ ಹೊಸ್ದಾ?" ಎನ್ನುತ್ತಿದ್ದರು. ನಾನು ಬೈಯುವುದು, ಅವರು ನಗುವುದು, ನೀರು ಗುಳುಗುಳು ಒಳಗಿಳಿಯುವುದು. ಅದು ತುಂಬಿದ ಮೇಲೆ ಮಾರನೆಯ ಬೆಳಗಿನ ತನಕ ನಮಗಿಬ್ಬರಿಗೂ ಆಡುವ ಮಾತು ಬೇರೆ ಇರುತ್ತಿರಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಸುಖದುಃಖ ಮಾತಾಡುವುದನ್ನು ನಾನು ಟೀವಿಯಲ್ಲಿ ನೋಡಿದ್ದೇನೆಯೇ ಹೊರತು ನಮ್ಮ ಮನೆಯಲ್ಲಿ ಕಂಡವಳಲ್ಲ.

ಒಂದು ವಸ್ತು ಕೆಡುವುದು ಯಾರೂ ಮುಟ್ಟದೆ ಬಿಟ್ಟರೆ ಎಂದುಕೊಂಡಿದ್ದೆ. ಹಾಗೇನಿಲ್ಲ. ನಮ್ಮ ಹೊಸ್ತಿಲು ಸವೆದಿದ್ದು ದಿನಾ ದಾಟಿದ್ದರಿಂದ, ಒರಳು ಸವೆದಿದ್ದು ದಿನಾ ರುಬ್ಬಿದ್ದರಿಂದ. ಆ ಬಿರಡೆಯೂ ಹಾಗೆಯೇ, ದಿನಾ ಬಿಚ್ಚಿ ದಿನಾ ಹಾಕಿ ಅದರ ತಿರುಪೆಲ್ಲ ನುಣ್ಣಗಾಗಿ, ಎಷ್ಟು ಬಿಗಿ ಮಾಡಿದರೂ ಹಿಡಿಯದಂತಾಯಿತು. ಸೆಣಬಿನ ಎಳೆ ಸುತ್ತಿ ಹಾಕಿದರೂ ತೊಟ್ಟಿಕ್ಕುತ್ತಿತ್ತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅವರ ನೆನಪೂ ತೊಟ್ಟಿಕ್ಕತೊಡಗಿತು. ಮೊದಲು ಮಂಡಿಯ ದಾರಿ ಹೋಯಿತು, ಆಮೇಲೆ ಊಟ ಮಾಡಿದ್ದು, ಮಾಡದೇ ಇದ್ದದ್ದು. ಹಾಸನದ ಡಾಕ್ಟರು ಇದು ವಯಸ್ಸಿನ ಮರೆವು, ಹಿಂದಕ್ಕೆ ಬರುವಂಥದ್ದಲ್ಲ ಎಂದರು. ಹೋದ ರಾಗಿ ಕೊಯ್ಲಿನ ಹೊತ್ತಿಗೆ ಅವರ ನೆನಪಿನಿಂದ ನಾನೂ ಹೋದೆ. ಈಗ ನನ್ನನ್ನು "ಅಮ್ಮಾ" ಎನ್ನುತ್ತಾರೆ. "ಬನ್ನಿ ಅಮ್ಮಾ, ಕೂತ್ಕಳಿ" ಎಂದು ಜಗಲಿಯಲ್ಲಿ ಜಾಗ ಬಿಡುತ್ತಾರೆ, ಬಸ್ಸಿನಲ್ಲಿ ಯಾರೋ ಹೆಂಗಸಿಗೆ ಬಿಟ್ಟ ಹಾಗೆ. ಬದುಕೆಲ್ಲ ಸಿಗದಿದ್ದ ಮರ್ಯಾದೆ ಈಗ ಸಿಕ್ಕಿದೆ. ಅದನ್ನು ತಗೊಂಡು ನಾನೇನು ಮಾಡಲಿ? ನನಗೆ ಬೇಕಾದ್ದು ಒಂದೇ. ಒಂದು ಬೆಳಿಗ್ಗೆ ಅಂಗಳದಿಂದ ಆ ಹಳೇ ಗಂಟಲಲ್ಲಿ ನನ್ನ ಹೆಸರು ಹಿಡಿದು ಕೂಗಬೇಕು. ಇದನ್ನು ಯಾರ ಹತ್ತಿರವೂ ಹೇಳಿಲ್ಲ. ಈ ವಯಸ್ಸಿನಲ್ಲಿ ಹೇಳಿದರೆ ನಗುತ್ತಾರೆ.

ಎಲ್ಲ ಮರೆತರೂ ಸಂಜೆಯಾದರೆ ಜೀಪಿನ ಬುಡಕ್ಕೆ ಹೋಗಿ ಕೂರುವುದನ್ನು ಮಾತ್ರ ಅವರು ಮರೆತಿರಲಿಲ್ಲ. ಯಾರೂ ಕರೆಯದಿದ್ದರೂ ಬೆಳಿಗ್ಗೆ ನೀರು ಹೊರುವುದು ನನಗೂ ತಪ್ಪಿರಲಿಲ್ಲ.

ಮಗ ನಾಗರಾಜ ಈಗ ಜೀಪು ಓಡಿಸುವವನು. ಗಂಡಸಿ ಊರಿನ ದಾರಿಯಲ್ಲಿ ಕಾಯಿ ತುಂಬಿಕೊಂಡು ಬರುವಾಗ ನೀರೆಲ್ಲ ಸೋರಿ ಇಂಜಿನ್ನು ಕಾದು ನಿಂತಿತಂತೆ. ಅದೇ ಸಿಟ್ಟಿನಲ್ಲಿ ಅರಸೀಕೆರೆಯೆಲ್ಲ ಸುತ್ತಿದ; ಇಷ್ಟು ಹಳೇ ಗಾಡಿಯ ಬಿರಡೆ ಎಲ್ಲಿ ಸಿಗುತ್ತದೆ? ಕಡೆಗೆ ಬೇಲೂರಿನ ಒಂದು ಗುಜರಿ ಅಂಗಡಿಯಲ್ಲಿ, ಮುರಿದ ಜೀಪೊಂದರ ಹೊಟ್ಟೆಯಿಂದ ಬಿಚ್ಚಿಸಿ ತಂದ. ತಿರುಪು ಚೆನ್ನಾಗಿತ್ತು. ರೇಡಿಯೇಟರಿನ ತೂತನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹೊಸ ವಾಷರು ಕೂರಿಸಿ, ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ನೀರಿನ ಬದಲು ಹಸಿರು ಬಣ್ಣದ ಕೂಲೆಂಟು ಸುರಿದ.

"ಅವ್ವ, ಇನ್ ಮೇಲೆ ದಿನಾ ನೀರು ಹೊರೋ ಗೋಜಿಲ್ಲ ನಿಂಗೆ" ಎಂದ, ಸೀರೆ ತಂದುಕೊಟ್ಟವನ ಮುಖ ಮಾಡಿಕೊಂಡು.

ನನ್ನ ಸೊಂಟಕ್ಕೆ ಸಂತೋಷವಾಗಬೇಕಿತ್ತು.

ಅವತ್ತು ಸಂಜೆ ಯಜಮಾನರು ಎಂದಿನಂತೆ ಹೋಗಿ ಕೂತರು. ಕೈ ಒಳಗೆ ಹಾಕಿದರು. ಬಿರಡೆ ಅಲುಗಲಿಲ್ಲ. ಅದರ ಸುತ್ತ ಸವರಿ ನೋಡಿದರು, ಆಮೇಲೆ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಇದು ಯಾರ ಕೈ ಎನ್ನುವ ಹಾಗೆ. ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮಾರನೆಯ ಸಂಜೆಯೂ ಅಷ್ಟೇ. ಅದರ ಮಾರನೆಯ ಸಂಜೆ ಸೀಟಿನ ಕೆಳಗಿನ ಸ್ಪ್ಯಾನರು ಅವರಿಗೆ ಹೇಗೋ ನೆನಪಾಗಿದೆ. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅಂಗಳದ ತುಂಬ ಹಸಿರು ಮಡು.

"ಏನಪ್ಪಾ ಮಾಡ್ದೆ ನೀನು!" ನಾಗರಾಜ ಕೂಗಿಕೊಂಡ. "ಅವ್ವ, ಮೊದ್ಲು ಕರು ಹಿಡ್ಕಾ! ಸಿಹಿ ಐತೆ ಅದು, ನೆಕ್ಕುದ್ರೆ ಸತ್ತೇ ಹೋಗ್ತದೆ!"

ಕರು ಕಟ್ಟಿದೆ, ಮಡುವಿನ ಮೇಲೆ ಮಣ್ಣು ಎಳೆದೆ. ಯಜಮಾನರು ಪಂಚೆಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮಗ ಯಾಕೆ ಕೂಗುತ್ತಿದ್ದಾನೆಂದು ಅವರಿಗೆ ತಿಳಿಯಲಿಲ್ಲ. "ಸಂಜೆ ಆಯ್ತಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಆ ಬಾಯಿಂದ ಬಂದ ಸರಿಯಾದ ಮಾತು ಅದು.

"ಇನ್ ಮೇಲೆ ನೀರೇ ಹಾಕು" ಎಂದೆ ಮಗನಿಗೆ. "ಬಿರಡೆ ಕೈಯಲ್ಲಿ ಬಿಚ್ಚೋ ಅಷ್ಟೇ ಬಿಗಿ ಮಾಡು. ನೀನು ಗಾಡಿ ತಗಂಡು ಹೋಗೋವಾಗ ಬೇಕಾದ್ರೆ ಬಿಗಿ ಮಾಡ್ಕ."

"ತುಕ್ಕು ಹಿಡೀತದೆ ಕಣವ್ವ. ರೇಡಿಯೇಟರ್ ಪೂರ್ತಿ ಹಾಳಾಗ್ತದೆ."

"ಆಗ್ಲಿ ಬುಡು. ನಿಮ್ಮಪ್ಪನ್ಗಿಂತ ಹೆಚ್ಚು ದಿನ ಅದು ಬಾಳಿ ಏನಾಗ್ಬೇಕಾಗೈತೆ?"

ಅವನು ನನ್ನ ಮುಖ ನೋಡಿದ. ರೇಡಿಯೇಟರಿಗೆ ನೀರು ಬಿಟ್ಟು ಬಿಟ್ಟು ತೊಳೆದು, ಬಿರಡೆಯನ್ನು ಬರಿಗೈಯಲ್ಲಿ ತಿರುಗಿಸಿಟ್ಟು ಒಳಗೆ ಹೋದ.

ಬೆಳಿಗ್ಗೆ ಅವರು ಬಾನೆಟ್ಟು ಎತ್ತಿ, ಮೇಲಿನ ಮುಚ್ಚಳ ತೆಗೆದು ನಿಂತರು. ನಾನು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಹೋಗಬಹುದಿತ್ತು, ಕರೆಯಲಿ ಎಂದು ಹೋಗಲಿಲ್ಲ. ಅವರು ಬಾವಿಯ ಕಡೆ ನೋಡಿದರು, ಬೀದಿಯ ಕಡೆ ನೋಡಿದರು, ಕಡೆಗೆ ನನ್ನ ಕಡೆ ತಿರುಗಿದರು.

"ಅಮ್ಮಾ, ನಮ್ಮ ಗಿರಿಜನ್ನ ಏನಾದ್ರೂ ಕಂಡ್ರಾ? ನೀರಿಗೆ ಹೋದೋಳು ಇನ್ನೂ ಬರ್ಲಿಲ್ಲ."

ಹೆಸರು ಸಿಕ್ಕಿತು. ಕರೆದದ್ದು ನನ್ನನ್ನಲ್ಲ, ಅಷ್ಟೇ.

"ಬತ್ತಾಳೆ ಇರಿ" ಎಂದೆ.

"ಅವಸರ ಇಲ್ಲ, ನಿಧಾನಕ್ಕೆ ಬರ್ಲಿ" ಎಂದರು. ಆಮೇಲೆ ದನಿ ತಗ್ಗಿಸಿ, ಹೊರಗಿನವಳ ಹತ್ತಿರ ಮನೆಯ ಗುಟ್ಟು ಹೇಳುವವರಂತೆ, "ಪಾಪ, ಹೊತ್ತೂ ಹೊತ್ತೂ ಸಾಕಾಗೈತೆ ಅವ್ಳಿಗೆ. ಬಾಯಿ ಮಾಡ್ತಾಳೆ, ಆದ್ರೂ ಒಂದ್ ದಿನಾನೂ ತರದೆ ಇರ್ಲಿಲ್ಲ" ಎಂದರು.

ಇಷ್ಟು ವರ್ಷದಲ್ಲಿ ಗಿರಿಜೆಯ ಮುಖ ನೋಡಿ ಒಂದು ಸಲವೂ ಹೇಳದಿದ್ದ ಮಾತು. ನಾನು ಬಾವಿಗೆ ಹೋಗಿ, ಕೊಡ ತುಂಬಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವರು ಹೇಳಿದ ಹಾಗೆ ನಿಧಾನಕ್ಕೇ ಬಂದೆ.