ಕಡವಿನಲ್ಲಿ ಇಳಿಬಿಟ್ಟ ಪ್ಯಾಂಟು

ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ, ಮೇ ತಿಂಗಳ ಕೊನೆಯ ವಾರ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನಾನು ಗುಲ್ವಾಡಿಯ ಕಡವಿನಲ್ಲಿ, ದೋಣಿಯಿಂದ ಇಳಿದು ಮೂರು ಹೆಜ್ಜೆ ಮುಂದೆ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗಿನವರೆಗೆ ಕೆಸರಿನಲ್ಲಿ ನಿಂತಿದ್ದೆ. ಕಡಲಿನ ಇಳಿತಕ್ಕೆ ಹೊಳೆಯೂ ಇಳಿದಿತ್ತು. ಎಡಗೈಯಲ್ಲಿ ಚಪ್ಪಲಿ, ಎಡ ಕಂಕುಳಲ್ಲಿ ಕೊಡೆ ಮತ್ತು ಸರ್ಟಿಫಿಕೇಟುಗಳ ಲಕೋಟೆ. ಬಲಗೈ ಖಾಲಿ ಇತ್ತು. ಮುಂದಿನದಕ್ಕೆಲ್ಲ ಆ ಖಾಲಿ ಬಲಗೈಯೇ ಕಾರಣ.

ಇಷ್ಟು ವಿವರ ಬರೆಯುವುದಕ್ಕೆ ಕಾರಣವಿದೆ. ಈ ಸಂಗತಿ ಕುಂದಾಪುರದಿಂದ ಬೈಂದೂರಿನವರೆಗೆ ನಾನಾ ರೂಪದಲ್ಲಿ ಓಡಾಡುತ್ತಿದೆ. ನನ್ನ ಪ್ಯಾಂಟು ತಾನಾಗಿ ಜಾರಿ ಬಿತ್ತೆಂದು ಕೆಲವರು ಹೇಳುತ್ತಾರೆ. ದೋಣಿಯ ಮೊಳೆಗೆ ಸಿಕ್ಕಿಕೊಂಡಿತೆಂದು ಇನ್ನು ಕೆಲವರು. ಎರಡೂ ಸುಳ್ಳು. ಪ್ಯಾಂಟು ಬೀಳಲಿಲ್ಲ, ನಾನೇ ಬಿಚ್ಚಿದೆ. ಬೇಕೆಂದು ಬಿಚ್ಚಲಿಲ್ಲ ಎನ್ನುವುದು ಬೇರೆ ಮಾತು.

ನನಗೆ ಆಗ ಇಪ್ಪತ್ತೆರಡು ವರ್ಷ. ಮಾಸ್ತರಿಕೆಯ ತರಬೇತಿ ಮುಗಿಸಿ ಬ್ರಹ್ಮಾವರದ ಮನೆಯಲ್ಲಿ ಕುಳಿತಿದ್ದೆ. ಎರಡು ಶಾಲೆಗಳ ಸಂದರ್ಶನಕ್ಕೆ ಹೋಗಿ ಎರಡೂ ಕಡೆ ಕೆಲಸ ಸಿಕ್ಕಿರಲಿಲ್ಲ. ಮೂರನೆಯದು ಗುಲ್ವಾಡಿಯ ಕಡವಿನಿಂದ ಎರಡು ಮೈಲಿ ಒಳಗಿನ ಒಂದು ಪ್ರೌಢಶಾಲೆ. ಅದೂ ತಪ್ಪಿದರೆ ಜೂನ್ ತಿಂಗಳಲ್ಲಿ ಭಾವನ ಜೊತೆ ಬೊಂಬಾಯಿಗೆ ಹೋಗಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹೋಟೆಲಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ನಾನು ಕಲಿತದ್ದು ಪಾಠ ಹೇಳುವುದನ್ನು.

ಭಾವ ಎಂದರೆ ಅಕ್ಕನ ಗಂಡ, ಆ ಹೋಟೆಲಿನ ಮ್ಯಾನೇಜರ್. ರಜೆಯಲ್ಲಿ ಊರಿಗೆ ಬಂದಿದ್ದವರು ನನ್ನ ಸೋಲಿಗೆ ಕಾರಣ ಕಂಡುಹಿಡಿದರು.

"ಪಂಚಿ ಉಟ್ಕಂಡ್ ಹೋದ್ರೆ ನಿನ್ನ ಅಡುಗಿಯವ ಅಂದ್ಕಂತ್ರ್ ಮಾರಾಯಾ. ಮನ್ಷ ಅಂದ್ಮೇಲೆ ಅವಂದೇ ಒಂದ್ ಸ್ಟೈಲ್ ಇರ್ಕ್."

"ಇವಂದ್ ಸ್ಟೈಲ್ ಎಂತದ್?" ಎಂದು ಅಮ್ಮ ಕೇಳಿದರು.

ಭಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಈಗ ಎಂತದೂ ಇಲ್ಲೆ. ಅದ್ಕೇ ಕೆಲ್ಸ ಸಿಕ್ಲಿಲ್ಲ."

ನನ್ನ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಅವರು ಚಾಪೆಯ ಮೇಲೆ ಹರವಿಸಿದರು. ಮೂರು ಪಂಚೆ, ಅದರಲ್ಲಿ ಒಂದು ಹರಿದದ್ದು. ನಾಲ್ಕು ಅಂಗಿ. ಮೈ ಒರೆಸುವ ಎರಡು ಬೈರಾಸ. ಅಮ್ಮ ಹಾಸಿಗೆ ಬಟ್ಟೆಯ ತುಂಡಿನಲ್ಲಿ ಹೊಲಿದ, ನೀಲಿ ಬಿಳಿ ಪಟ್ಟೆಯ ಎರಡು ಚಡ್ಡಿ. ಭಾವ ಒಂದು ಕಾಗದದಲ್ಲಿ ಯೋಜನೆ ಬರೆದರು. ಸಂದರ್ಶನಕ್ಕೆ ಪ್ಯಾಂಟು. ಕೆಲಸ ಸಿಕ್ಕ ಮೇಲೆ ಇನ್‌ಸ್ಪೆಕ್ಟರು ಬರುವ ದಿನ ಪ್ಯಾಂಟು. ಸೋಮವಾರ ಬಿಳಿ ಅಂಗಿ. ಉಳಿದ ದಿನಗಳ ಅಂಗಿ ಯಾವ ಬಣ್ಣದ್ದಾಗಬೇಕೆಂದು ಅಮ್ಮ ಹೇಳಿದರು: "ಕೆಂಪ್ ಮಣ್ಣಿನ್ ಬಣ್ಣದ್ ಅಂಗಿ ಹೊಲ್ಸ್. ಮಣ್ಣ್ ತಾಗ್ರೂ ಗೊತ್ತಾತಿಲ್ಲೆ." ಆ ಕಾಗದದಲ್ಲಿ ಬುದ್ಧಿಯ ಮಾತು ಅದೊಂದೇ ಎಂದು ನನಗೆ ತಿಳಿದದ್ದು ಆಮೇಲೆ.

ಪ್ಯಾಂಟನ್ನು ಭಾವನೇ ತಂದಿದ್ದರು. ಹೋಟೆಲಿನ ಧಣಿಯ ಮಗ ಒಂದೆರಡು ಸಲ ಹಾಕಿ ಬಿಟ್ಟದ್ದು. ಬೂದಿ ಬಣ್ಣ, ಒಳ್ಳೆಯ ಬಟ್ಟೆ. ಗುಂಡಿ ಹಾಕಿದ ಮೇಲೂ ಸೊಂಟದಲ್ಲಿ ನನ್ನಂಥವನು ಇನ್ನೊಬ್ಬ ನಿಲ್ಲುವಷ್ಟು ಜಾಗವಿತ್ತು. ಬ್ರಹ್ಮಾವರದ ಟೈಲರಿನ ಹತ್ತಿರ ಒಯ್ದೆ. ಅವರು ಬಟ್ಟೆಯನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ ಕತ್ತರಿಯನ್ನು ಕೆಳಗಿಟ್ಟರು.

"ಇಂಥ ಬಟ್ಟಿಗೆ ಕತ್ರಿ ಹಾಕುಕೆ ನಂಗ್ ಮನ್ಸ್ ಬತ್ತಿಲ್ಲೆ. ಮಾಸ್ತ್ರಿಕಿ ಸಿಕ್ಲಿ, ನೀವೇ ದಪ್ಪ ಆತ್ರಿ."

ಕಾಲಿನ ಉದ್ದವನ್ನು ಒಳಗೆ ಮಡಚಿ ಹೊಲಿದರು. ಸೊಂಟಕ್ಕೆ ಒಂದು ಲಾಡಿ ಪೋಣಿಸಿ ಕೊಟ್ಟರು. ನಾನು ಅದಕ್ಕೆ ಜಾರುಗಂಟು ಹಾಕಿ, ತುದಿಯನ್ನು ಹೊಟ್ಟೆಯ ಮುಂದೆ ಸಿಕ್ಕಿಸಿಕೊಂಡೆ. ಪಂಚೆಯ ಮಡಿಕೆಯನ್ನು ಎಲ್ಲಿ ಸಿಕ್ಕಿಸುತ್ತಿದ್ದೆನೋ ಸರಿಯಾಗಿ ಅಲ್ಲಿಯೇ.

ನಮ್ಮ ಕಡೆಯ ಗಂಡಸರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ನಡೆಯುತ್ತಾರೆ. ಎದುರಿಗೆ ಹಿರಿಯರು ಸಿಕ್ಕಿದರೆ ಸೊಂಟದ ಮಡಿಕೆಯನ್ನು ಎಳೆದುಬಿಡಬೇಕು, ಪಂಚೆ ಪಾದದವರೆಗೆ ಇಳಿಯಬೇಕು. ಹಿರಿಯರ ಮುಂದೆ ಬರಿ ಮೊಣಕಾಲಿನಲ್ಲಿ ನಿಲ್ಲುವುದು ಸೊಕ್ಕು. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಹಿರಿಯರನ್ನು ಕಣ್ಣು ಕಂಡರೆ ಕೈ ತಾನಾಗಿ ಕೆಲಸ ಮುಗಿಸುತ್ತದೆ.

ಹಿಂದಿನ ದಿನವೇ ಕುಂದಾಪುರಕ್ಕೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ದೋಣಿ ಹತ್ತಿದೆ. ದೋಣಿಯಲ್ಲಿ ದೋಣಿಯವರು, ಮೀನಿನ ಬುಟ್ಟಿಯ ಒಬ್ಬ ಹೆಂಗಸು, ಹಿಂದಿನ ಹಲಗೆಯಲ್ಲಿ ಪಂಚೆ ಉಟ್ಟು ಕರಿ ಕೋಟು ಹಾಕಿದ ಒಬ್ಬ ವಯಸ್ಸಾದವರು, ಮತ್ತು ನಾನು. ಗುಲ್ವಾಡಿಯಲ್ಲಿ ನೀರು ಇಳಿದು ದಡದ ತನಕ ಕೆಸರು. ನಾನು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸುರುಳಿ ಸುತ್ತಿ ಮೊದಲು ಇಳಿದೆ.

"ಹ್ವಾಯ್, ಅಲ್ಲ್ ಕಾಣಿ," ಎಂದರು ದೋಣಿಯವರು. "ಶಾಲಿ ಯಜಮಾನ್ರ್ ನಿಂತಿದ್ರ್."

ಶಾಲೆ ಕಟ್ಟಿಸಿದವರು, ಕೆಲಸ ಕೊಡುವವರು ಅವರೇ. ಅಂದಿನ ಸಂದರ್ಶನಕ್ಕೆ ಕುಂದಾಪುರದಿಂದ ಬರಲಿದ್ದ ಅಧಿಕಾರಿಯನ್ನು ಕರೆದೊಯ್ಯಲು ಕಡವಿಗೆ ಬಂದಿದ್ದರು. ದೋಣಿಯಿಂದ ಒಂದು ಪ್ಯಾಂಟು ಇಳಿದದ್ದನ್ನು ಕಂಡು, ಅಧಿಕಾರಿ ನಾನೇ ಎಂದುಕೊಂಡರು.

ಮೊದಲು ಅವರ ಕೈ ಅಲುಗಿತು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಅರವತ್ತು ದಾಟಿದ ಅವರು ನನಗಾಗಿ ಪಂಚೆ ಇಳಿಬಿಟ್ಟರು. ಅವರು ನಿಂತದ್ದೂ ಕೆಸರಿನಲ್ಲೇ ಆದ್ದರಿಂದ ಬೆಳ್ಳಗಿನ ಅಂಚು ಕೆಸರಿನಲ್ಲಿ ಮುಳುಗಿತು. ಹಿರಿಯರು ನನಗೆ ಇಳಿಬಿಡುವುದೆಂದರೇನು! ನಾನೋ ಬರಿ ಮೊಣಕಾಲಿನಲ್ಲಿ ನಿಂತಿದ್ದೇನೆ. ಬಗ್ಗಿ ಸುರುಳಿ ಬಿಚ್ಚಬೇಕಾಗಿತ್ತು. ಅಷ್ಟರಲ್ಲಿ ಬಲಗೈ ಸೊಂಟಕ್ಕೆ ಹೋಗಿ, ತುದಿ ಹುಡುಕಿ, ಎಳೆದಿತ್ತು.

ಪ್ಯಾಂಟು ಒಮ್ಮೆಲೇ ಹೋಯಿತು.

ಅಮ್ಮ ಹೊಲಿದ ನೀಲಿ ಬಿಳಿ ಪಟ್ಟೆಯ ಚಡ್ಡಿಯಲ್ಲಿ ನಿಂತಿದ್ದೆ. ಹಿಂದಿನಿಂದ ಮೀನಿನ ಹೆಂಗಸಿನ ಸ್ವರ: "ಅಯ್ಯೋ ಮಗಾ, ನೀರ್ ಅಷ್ಟ್ ಆಳ ಇಲ್ಲೆ ಮಾರಾಯಾ!"

ಅಷ್ಟರಲ್ಲಿ ಕೈಮುಗಿದಿದ್ದ ಯಜಮಾನರು ಕೈ ಇಳಿಸಲಿಲ್ಲ. ನನ್ನ ಮುಖವನ್ನಷ್ಟೇ ನೋಡುತ್ತಾ, "ಬನ್ನಿ ಸಾರ್," ಎಂದರು.

ಆಗ ಹಿಂದಿನ ಹಲಗೆಯ ಕರಿ ಕೋಟಿನವರು ಕೊಡೆ ಎತ್ತಿದರು. "ಯಜಮಾನ್ರೇ, ಸಾರ್ ನಾನ್. ನಾನ್ ಇಲ್ಲ್ ಇದ್ದೆ."

ನನಗೆ ಬೊಂಬಾಯಿ ಕಣ್ಣಿಗೆ ಕಟ್ಟಿತು.

ಆದರೆ ಯಜಮಾನರು ನನ್ನನ್ನು ಅಲ್ಲಿಯೇ ಬಿಟ್ಟು ಹೋಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಬಾವಿಯ ಕಟ್ಟೆಯಲ್ಲಿ ಕಾಲು ತೊಳೆಯಲು ಹೇಳಿದರು. ಒಂದು ಹೊಸ ಜೋಡಿ ಪಂಚೆ ತಂದು ನಡುವೆ ಕತ್ತರಿಸಿ, ಅರ್ಧ ನನಗೆ ಕೊಟ್ಟು ಅರ್ಧ ತಾವು ಉಟ್ಟರು. ಒಂದೇ ಅಂಚಿನ ಪಂಚೆಯಲ್ಲಿ ಕೆಲಸ ಕೇಳುವವನು ಈ ಕಡೆ, ಕೊಡುವವರು ಆ ಕಡೆ ಕುಳಿತೆವು.

"ಪ್ಯಾಂಟ್ ಎಂತಕೆ ಹಾಕಿದ್ರಿ?" ಯಜಮಾನರು ಕೇಳಿದರು.

ಪಂಚೆಯಿಂದ ಎರಡು ಕೆಲಸ ತಪ್ಪಿತು ಎಂದು ಭಾವ ಹೇಳಿದರೆಂದೆ.

"ಪ್ಯಾಂಟಿನಿಂದ ಎಂತ ಆಯ್ತ್ ಅಂದ್ಹೇಳಿ ಅವ್ರಿಗ್ ಬರೀರಿ," ಎಂದರು.

ಅಧಿಕಾರಿ ನಗಲಿಲ್ಲ. ಯಾವುದಾದರೊಂದು ಪಾಠ ಮಾಡಿ ತೋರಿಸಿ ಎಂದರು. ನನಗೆ ತಲೆಯಲ್ಲಿದ್ದದ್ದು ಕೆಸರೊಂದೇ. ಹಾಗಾಗಿ ಹೊಳೆಯ ನೀರು ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ಹೇಳಿದೆ. ಚಂದ್ರನಿಗೆ ಒಂದು ತೆಂಗಿನಕಾಯಿ, ಭೂಮಿಗೆ ನೀರಿನ ಒಂದು ಕೊಡಪಾನ ಇಟ್ಟುಕೊಂಡು ಇಪ್ಪತ್ತು ನಿಮಿಷ ಹೇಳಿದೆ. ನಡುವೆ ಪಂಚೆಯನ್ನು ಮರೆತೆ, ಪ್ಯಾಂಟನ್ನೂ ಮರೆತೆ. ಮುಗಿದಾಗ ಯಜಮಾನರು ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು.

"ಪಾಠ ಅಡ್ಡಿಲ್ಲೆ," ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಜೂನಿಗೆ ಬನ್ನಿ. ಆದ್ರೆ ಪ್ಯಾಂಟ್ ಹಾಕ್ಕಂಡ್ ಬರ್ಬೇಡಿ. ನಿಮ್ಗೆ ದಿನಾ ಪಂಚಿ ಇಳ್ಸುಕೆ ನನ್ನಿಂದ ಆತಿಲ್ಲೆ."

ಹಾಗೆ ನನ್ನ ಸ್ಟೈಲು ನಿರ್ಧಾರವಾಯಿತು. ಎರಡು ಜೋಡಿ ಬಿಳಿ ಪಂಚೆ, ಒಂದು ಬಿಳಿ ಅಂಗಿ, ಮೂರು ಕೆಂಪು ಮಣ್ಣಿನ ಬಣ್ಣದ ಅಂಗಿ. ಎಪ್ಪತ್ತರ ನಂತರ ಹುಡುಗರು ರಸ್ತೆ ಗುಡಿಸುವಂಥ ಅಗಲ ಕಾಲಿನ ಪ್ಯಾಂಟಿನಲ್ಲಿ ಬರತೊಡಗಿದಾಗಲೂ ನಾನು ಬದಲಾಯಿಸಲಿಲ್ಲ. ಬೂದಿ ಬಣ್ಣದ ಪ್ಯಾಂಟಿನಲ್ಲಿ ಅಮ್ಮ ಎರಡು ಗಟ್ಟಿ ಚೀಲ ಹೊಲಿದರು.

ಯಜಮಾನರು ಈಗ ಇಲ್ಲ, ಅಧಿಕಾರಿಯೂ ಇಲ್ಲ. ಕಂಡವರಲ್ಲಿ ಇನ್ನೂ ಇರುವವರು ಇಬ್ಬರು. ದೋಣಿಯವರು ಗುಲ್ವಾಡಿಯಲ್ಲೇ ಮಗನ ಮನೆಯಲ್ಲಿದ್ದಾರೆ. ಆದರೆ ಆ ಹೊತ್ತಿಗೆ ಅವರು ಬೆನ್ನು ಹಾಕಿ ದೋಣಿ ಕಟ್ಟುತ್ತಿದ್ದರು, ತಿರುಗಿದ್ದು ಹೆಂಗಸಿನ ಕೂಗು ಕೇಳಿದ ಮೇಲೆ. ಮೊದಲಿನಿಂದ ಕೊನೆಯವರೆಗೆ ಕಂಡವರು ಮೀನಿನ ಹೆಂಗಸು. ಅವರು ಗಂಗೊಳ್ಳಿಯಲ್ಲಿ ಮಗಳ ಜೊತೆ ಇದ್ದಾರೆ, ನೆನಪು ಚೆನ್ನಾಗಿದೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಅವರ ನಗು ಮುಗಿಯುವವರೆಗೆ ಕಾಯಬೇಕು, ಅಷ್ಟೇ.