ಒಂಟಿ ಸೀನು

ಹನಗೋಡಿನಲ್ಲಿರುವ ನಮ್ಮಮ್ಮನ ಮನೆಗೆ ನೀವು ಎಂದಾದರೂ ಬಂದರೆ, ಹೊಸಿಲು ದಾಟಿದೊಡನೆ ಎಡಗಡೆಗೆ ಒಂದು ಮಣೆಯೂ ಮಣೆಯ ಪಕ್ಕದಲ್ಲಿ ತಟ್ಟೆ ಮುಚ್ಚಿದ ಹಿತ್ತಾಳೆಯ ಚೊಂಬೂ ಕಾಣುತ್ತವೆ. ಬಿಸಿಲಲ್ಲಿ ಬಂದವರ ಬಾಯಾರಿಕೆಗೆ ಇಟ್ಟ ನೀರಿರಬೇಕೆಂದು ನೀವು ಕೈ ಚಾಚಿದಿರೋ, ಅಮ್ಮ ಒಳಗಿನಿಂದ ಧಾವಿಸಿ ಬಂದು, ನಿಮ್ಮ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಚೊಂಬನ್ನು ಸ್ವಸ್ಥಾನದಲ್ಲೇ ಉಳಿಸಿಕೊಳ್ಳುತ್ತಾಳೆ. ಅದು ಬರುವವರ ನೀರಲ್ಲ, ಹೊರಡುವವರ ನೀರು. ಯಾರಾದರೂ ಹೊರಟು ನಿಂತ ಗಳಿಗೆಗೆ ಸರಿಯಾಗಿ ಮನೆಯೊಳಗೆ ಒಂದೇ ಒಂದು ಸೀನು ಕೇಳಿಸಿ, ಅದರ ಹಿಂದೆ ಎರಡನೆಯದು ಬಾರದೆ ಹೋದರೆ, ಹೊರಟವರು ಚಪ್ಪಲಿ ಕಳಚಿ ಒಳಗೆ ಬಂದು, ಆ ಮಣೆಯ ಮೇಲೆ ಕೂತು, ಆ ನೀರನ್ನು ಒಂದು ಗುಟುಕು ಕುಡಿದು, ಮಳೆ ಬೆಳೆಯ ವಿಷಯ ಏನಾದರೂ ಮಾತಾಡಿ, 'ಇವರು ಇವತ್ತು ಹೊರಡುವ ಹಾಗೆ ಕಾಣುವುದಿಲ್ಲ' ಎಂದು ವಿಘ್ನಕ್ಕೇ ಬೇಸರ ಬಂದು ಅದು ಎದ್ದುಹೋದ ಮೇಲೆ ಮೆಲ್ಲಗೆ ಜಾಗ ಖಾಲಿ ಮಾಡಬೇಕು.

ಒಂಟಿ ಸೀನು ಒಳ್ಳೆಯದಲ್ಲವೆಂಬ ನಂಬಿಕೆ ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ನಮ್ಮಲ್ಲಿ ಅದು ನಂಬಿಕೆಯಾಗಿ ಉಳಿಯದೆ ಶಿಸ್ತಾಗಿ ಬೆಳೆದಿತ್ತು. ಜೋಡಿ ಸೀನಿಗೆ ದೋಷವಿಲ್ಲವಾದ್ದರಿಂದ, ಬಸ್ಸು ತಪ್ಪುವ ಅವಸರವಿದ್ದಾಗ ಅಪ್ಪ ಟವೆಲಿನ ತುದಿಯನ್ನು ಬತ್ತಿಯಂತೆ ಹೊಸೆದು, ಸೀನಿದವರ ಮೂಗಿಗೆ ತಾವೇ ಹಾಕಿ, ಇನ್ನೊಂದು ಸೀನನ್ನು ವಸೂಲು ಮಾಡಿಕೊಂಡು ಹೊರಡುತ್ತಿದ್ದರು. ಒಂದು ದಿನ ನಾನು ಇದಕ್ಕೆಲ್ಲ ಕಾರಣವೇನೆಂದು ಅಮ್ಮನನ್ನು ಕೇಳಿದ್ದುಂಟು. ಅವಳು ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತದೆ, "ನಮ್ಮವ್ವ ಕೂತ್ಕತಿದ್ಲು, ನಾನೂ ಕೂತ್ಕಂಡೆ. ಯಾಕೆ ಅಂತ ಕೇಳಕ್ಕೆ ಪುರುಸೊತ್ತೆಲ್ಲಿತ್ತು ಕಣೆ?" ಎಂದಳು. ಇತಿಹಾಸದ ಪಾಠ ಹೇಳುವ ನನಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಇನ್ನೂ ಎಲ್ಲೂ ಸಿಕ್ಕಿಲ್ಲ.

ನಾನು ಓದಿದವಳು, ಹುಣಸೂರಿನ ಕಾಲೇಜೊಂದರಲ್ಲಿ ಮೇಷ್ಟರಿಕೆ ಮಾಡುವವಳು, ಸೀನಿಗೆಲ್ಲ ಕೂರುವವಳಲ್ಲ. ಹಾಗೆಂದು ಹೇಳಿಕೊಳ್ಳುತ್ತಿದ್ದೆ. ಕೂರುವಾಗಲೂ, "ನಂಬಿಕೆಯಿಂದಲ್ಲ, ಸುಮ್ಮನೆ ಒಂದು ನಿಮಿಷ, ನಷ್ಟವೇನು?" ಎಂದು ವಿವರಣೆ ಕೊಟ್ಟೇ ಕೂರುತ್ತಿದ್ದೆ. ನನ್ನ ಸ್ವಂತ ವಿದ್ಯೆ ಬೇರೆ ಇತ್ತು. ಅಮ್ಮನಿಗೆ ಭಯಪಡಲು ಯಾರಾದರೂ ಸೀನಬೇಕು. ನನಗೆ ಅಷ್ಟೂ ಬೇಡ, 'ಒಂದು ವೇಳೆ' ಎಂಬ ಎರಡು ಪದ ಸಾಕು. ಒಂದು ವೇಳೆ ಮಳೆ ಬಂದರೆ, ಒಂದು ವೇಳೆ ಆಟೋ ಸಿಗದಿದ್ದರೆ, ಒಂದು ವೇಳೆ ಮೊಸರು ಹುಳಿಯಾಗಿದ್ದರೆ. ನಮ್ಮವರು ಕೆ.ಆರ್. ನಗರಕ್ಕೆ ಹೋದವರು ಫೋನ್ ಎತ್ತಲಿಲ್ಲವೆಂದರೆ, ಮೂರನೆಯ ರಿಂಗು ಮುಗಿಯುವಷ್ಟರಲ್ಲಿ ನನ್ನ ಮನಸ್ಸು ಅಪಘಾತ, ಆಸ್ಪತ್ರೆ, ಬಂಧುಗಳ ಆಗಮನ ಎಲ್ಲವನ್ನೂ ಮುಗಿಸಿ, ಬಂದವರಿಗೆ ಕಾಫಿ ಪುಡಿ ಸಾಲದೆಂಬ ಹಂತಕ್ಕೆ ತಲುಪಿರುತ್ತಿತ್ತು. ಅವರೋ ಅಲ್ಲಿ ಯಾವುದೋ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತ, ಎಣ್ಣೆ ಕೈಯಲ್ಲಿ ಫೋನ್ ಮುಟ್ಟಲಾರದೆ ಕೂತಿರುತ್ತಿದ್ದರು.

ಇದೆಲ್ಲವನ್ನೂ ನಮ್ಮ ಮಗಳು ಭೂಮಿ ನೋಡುತ್ತಿದ್ದಳೆಂಬುದು ನನಗೆ ಹೊಳೆಯಲೇ ಇಲ್ಲ. ಅವಳಿಗೆ ಹತ್ತು ವರ್ಷ, ಐದನೆಯ ಕ್ಲಾಸು. ಹೆದರಬೇಕೆಂದು ಅವಳಿಗೆ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ. 'ಧೈರ್ಯವಾಗಿರು ಪುಟ್ಟಾ' ಎಂದೇ ಹೇಳುತ್ತಿದ್ದದ್ದು. ಮಕ್ಕಳು ನಮ್ಮ ಮಾತು ಕೇಳುವುದಿಲ್ಲವೆಂದು ನಾವು ಗೊಣಗುತ್ತೇವಲ್ಲ, ಅದು ಪೂರ್ತಿ ನಿಜವಲ್ಲ. ಅವರು ಮಾತನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೇಳುತ್ತಾರೆ: ಹಿಡಿದ ಉಸಿರನ್ನು, ಗಡಿಯಾರದ ಕಡೆ ತಿರುಗಿದ ಕಣ್ಣನ್ನು, 'ಧೈರ್ಯವಾಗಿರು' ಎನ್ನುವಾಗ ಭುಜವನ್ನು ಅಗತ್ಯಕ್ಕಿಂತ ಬಿಗಿಯಾಗಿ ಒತ್ತುವ ಬೆರಳನ್ನು. ವರ್ಷಗಟ್ಟಲೆ ಗೋಗರೆದು ಕಲಿಸಿದ ಹದಿಮೂರರ ಮಗ್ಗಿ ಅವಳಿಗೆ ಇವತ್ತಿಗೂ ಮಧ್ಯದಲ್ಲಿ ಕೈಕೊಡುತ್ತದೆ. ಕಲಿಸದೇ ಇದ್ದ ಈ ಪಾಠವನ್ನು ಮಾತ್ರ ಅವಳು ಬಾಯಿಪಾಠ ಮಾಡಿಬಿಟ್ಟಿದ್ದಳು.

ಅದು ಬೆಳಕಿಗೆ ಬಂದದ್ದು ಶ್ರಾವಣದಲ್ಲಿ, ಅವಳ ಶಾಲೆಯ ಮೈದಾನದಲ್ಲಿ. ಭೂಮಿ ಓಡುವುದರಲ್ಲಿ ಗಟ್ಟಿ. ಅಂಗಡಿಗೆ ಕಳಿಸಿದರೆ ಹೋದಳೋ ಇಲ್ಲವೋ ಎನ್ನುವಷ್ಟರಲ್ಲಿ ಕೊತ್ತಂಬರಿ ಸೊಪ್ಪಿನೊಡನೆ ಬಾಗಿಲಲ್ಲಿ ನಿಂತಿರುವ ಹುಡುಗಿ. ಹೋಬಳಿ ಮಟ್ಟಕ್ಕೆ ಆರಿಸುವ ಓಟ ಅದು, ಅವಳೇ ಗೆಲ್ಲುವವಳೆಂದು ಆಟದ ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಮಕ್ಕಳೆಲ್ಲ ಗೆರೆಗೆ ಕಾಲು ಕೊಟ್ಟು ನಿಂತರು. ಮೇಷ್ಟ್ರು ಸೀಟಿಯನ್ನು ತುಟಿಗಿಟ್ಟರು. ಗಾಳಿ ಬೀಸಿ ಸುಣ್ಣ ಎದ್ದಿತು, ಪಕ್ಕದ ಹುಡುಗಿಯೊಬ್ಬಳು ಜೋರಾಗಿ ಸೀನಿದಳು, ಸೀಟಿ ಕೇಳಿಸಿತು, ಎಲ್ಲರೂ ಓಡಿದರು. ನನ್ನ ಮಗಳು ಕೂತುಕೊಂಡಳು. ಬಿದ್ದದ್ದಲ್ಲ, ಹೆದರಿ ಕುಸಿದದ್ದೂ ಅಲ್ಲ. ಅಜ್ಜಿಯ ಮಣೆಯ ಮೇಲೆ ಕೂರುವ ಹಾಗೆ, ಲಂಗ ಸರಿಮಾಡಿಕೊಂಡು, ಗೆರೆಯ ಮೇಲೆ ಪದ್ಧತಿ ಪ್ರಕಾರ ಕೂತಳು. ಸುತ್ತಲಿದ್ದವರು ನಕ್ಕರು. ಓಟ ನೋಡಲು ಹೋಗಿದ್ದ ನಾನೂ ನಕ್ಕೆ, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು, ಏಕೆಂದರೆ ಆ ಸುಣ್ಣದ ಗೆರೆಯ ಮೇಲೆ ಕೂತದ್ದು ಅವಳೊಬ್ಬಳೇ ಆಗಿರಲಿಲ್ಲ. ನಾವು ಮೂರು ತಲೆಮಾರು ಸಾಲಾಗಿ ಕೂತಿದ್ದೆವು.

ಆಮೇಲೆ ಅವಳು ಓಡುವುದನ್ನೇ ಬಿಟ್ಟಳು. ಅಂಗಡಿಗೂ ನಡೆದೇ ಹೋಗತೊಡಗಿದಳು. "ವಾರ್ಷಿಕೋತ್ಸವಕ್ಕೆ ಮತ್ತೆ ಓಟ ಇದೆಯಂತಲ್ಲೇ" ಎಂದು ನಾನು ತೆಗೆದರೆ, "ಬೇಡಮ್ಮ. ಒಂದು ವೇಳೆ ಮತ್ತೆ ಕೂತುಬಿಟ್ಟರೆ?" ಎಂದಳು. ಆ ಎರಡು ಪದ ಅವಳ ಬಾಯಲ್ಲಿ ಎಷ್ಟು ಸರಾಗವಾಗಿ ಬಂತೆಂದರೆ, ನನ್ನದೇ ಸೀರೆಯನ್ನು ಅವಳಿಗೆ ಉಡಿಸಿ ನಿಲ್ಲಿಸಿದ ಹಾಗಾಯಿತು. ನನಗೆ ಗೆಲುವೂ ಬೇಕಿರಲಿಲ್ಲ, ಹೋಬಳಿಯೂ ಬೇಕಿರಲಿಲ್ಲ. ಆ ಹುಡುಗಿ ಮೊದಲಿನ ಹಾಗೆ ಓಡಿದರೆ ಸಾಕಿತ್ತು. ಬುದ್ಧಿ ಹೇಳೋಣವೆಂದರೆ, ಬುದ್ಧಿ ಹೇಳುವ ನನ್ನ ದನಿಯಲ್ಲೇ ಕಳವಳವಿರುತ್ತಿತ್ತು. ಅದನ್ನೂ ಅವಳು ಕಲಿತುಬಿಟ್ಟರೆ ಎಂದು ಬಾಯಿ ಮುಚ್ಚಿಕೊಂಡೆ.

ದಸರೆಯ ರಜೆಗೆ ರಾವಂದೂರಿನ ನಮ್ಮತ್ತೆಯ ಮನೆಗೆ ಹೋದೆವು. ಹನಗೋಡು ನದಿಯ ಊರು, ಭತ್ತದ ಊರು. ರಾವಂದೂರಿನ ಕಡೆ ಹೊಗೆಸೊಪ್ಪು. ಸೊಪ್ಪು ಬೇಯಿಸುವ ಗೂಡುಮನೆಯಾದ ಬ್ಯಾರನ್ನಿನಲ್ಲಿ ಬೆಂದು ಹೊಂಬಣ್ಣಕ್ಕೆ ತಿರುಗಿದ ಎಲೆಗಳನ್ನು ನಡುಮನೆಯಲ್ಲಿ ರಾಶಿ ಹಾಕಿ, ಹೆಂಗಸರು ಸುತ್ತ ಕೂತು ಬಣ್ಣ ನೋಡಿ ನೋಡಿ ಬೇರೆ ಮಾಡುವ ಕಾಲ ಅದು. ಕೆಲಸಕ್ಕೆ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಗಳಿಂದಲೂ ಹೆಂಗಸರು ಬಂದಿದ್ದರು. ಆ ದಿನಗಳಲ್ಲಿ ಆ ಮನೆಯ ಗಾಳಿಗೇ ಒಂದು ಘಾಟು. ಬಾಗಿಲಲ್ಲಿ ನಿಂತವರು ಸೀನುತ್ತಾರೆ, ಒಳಗೆ ಕೂತವರು ಸೀನುತ್ತಾರೆ, ಹಿತ್ತಲಲ್ಲಿ ಕಟ್ಟಿದ ನಾಯಿಯೂ ಸೀನುತ್ತದೆ. ಒಬ್ಬರ ಸೀನು ಮುಗಿಯುವ ಮೊದಲೇ ಇನ್ನೊಬ್ಬರದು ಶುರು; ಯಾವುದು ಒಂಟಿ, ಯಾವುದು ಜೋಡಿ ಎಂದು ಲೆಕ್ಕ ಹಿಡಿಯುವುದು ಬ್ರಹ್ಮನಿಗೂ ಆಗದ ಕೆಲಸ. ಮದುವೆಯಾದ ಹೊಸದರಲ್ಲಿ ನಾನು ಈ ಮನೆಯ ನಾಸ್ತಿಕತೆಗೆ ಬೆಚ್ಚಿ, ಆಮೇಲೆ ಸೊಪ್ಪಿನ ಕಾಲ ತಪ್ಪಿಸಿ ಬರುವುದನ್ನು ರೂಢಿ ಮಾಡಿಕೊಂಡಿದ್ದೆ. ಭೂಮಿಗೆ ಇದು ಮೊದಲನೆಯ ಸಲ.

ಘಾಟು ತಾಗದಿರಲೆಂದು ಅವಳ ಮೂಗಿಗೆ ಕರವಸ್ತ್ರ ಕಟ್ಟಿ ಜಗಲಿಯ ತುದಿಯಲ್ಲಿ ಕೂರಿಸಿದೆ. ಅಂಗಳದಲ್ಲಿ ಮೈದುನನ ಮಕ್ಕಳು ಆಡುತ್ತಿದ್ದರು. ಅವರು ಕರೆದರು. ಭೂಮಿ ಎದ್ದಳು, ಒಳಗೆ ಯಾರೋ ಸೀನಿದರು, ಕೂತಳು. ಮತ್ತೆ ಎದ್ದಳು, ಮತ್ತೆ ಸೀನು, ಮತ್ತೆ ಕೂತಳು. ಹೀಗೆ ಅವಳು ಜಗಲಿ ಇಳಿಯುವುದೇ ಆಗಲಿಲ್ಲ. ಎಲೆ ಬಿಡಿಸುತ್ತಿದ್ದ ಅತ್ತೆ ಬಾಗಿಲಿನಿಂದ ಇದನ್ನು ಬಹಳ ಹೊತ್ತು ನೋಡಿ, "ಯಾಕವ್ವ ಕೂಸೇ, ಇಂಗೆ ಎದ್ದು ಕೂತು ಎದ್ದು ಕೂತು ಮಾಡ್ತಿದ್ದೀಯ? ಇರುವೆ ಗಿರುವೆ ಕಚ್ತಾ?" ಎಂದರು. ಭೂಮಿ ಗಂಭೀರವಾಗಿ ಕಾರಣ ಹೇಳಿದಳು. ಅತ್ತೆ ಸೊಪ್ಪನ್ನು ಕೆಳಗಿಟ್ಟು, ನಕ್ಕು, ಸೀನಿ, ಮತ್ತೆ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಸೀನಿದ್ಕೆಲ್ಲ ಕೂತ್ಕಂಡಿದ್ರೆ ನಿಮ್ಮಪ್ಪ ಹುಟ್ತಾನೇ ಇರ್ನಿಲ್ಲ ಕಣವ್ವ! ನಿಮ್ ತಾತನ ದಿಬ್ಬಣ ಹೊಂಟಾಗ ಇಡೀ ಕೇರಿನೇ ಸೀನ್ತಿತ್ತು. ಬುಡು, ಇಲ್ಲಿ ಸೀನು ಅಂದ್ರೆ ಹೊಂಡು ಅಂತ."

ಅಂಗಳದ ಮಕ್ಕಳಿಗೆ ಅಷ್ಟೇ ಸಾಕಾಯಿತು. ನಿಂತ ನಿಲುವಿನಲ್ಲೇ ಒಂದು ಆಟ ಹುಟ್ಟಿತು: ಒಳಗೆ ಯಾರು ಸೀನಿದರೂ ಎಲ್ಲರೂ ಓಡಿಹೋಗಿ ಬ್ಯಾರನ್ನಿನ ಗೋಡೆ ಮುಟ್ಟಿ ಬರಬೇಕು. ಸೀನಿಗೇನು ಬರವೇ? ಹುಡುಗರು ಓಡಿದರು, ಬಂದರು, ಏದುಸಿರು ಬಿಡುವಷ್ಟರಲ್ಲಿ ಮತ್ತೆ ಓಡಿದರು. ಎಲೆ ಬಿಡಿಸುವ ಹೆಂಗಸರಿಗೂ ಹುರುಪು ಬಂದು, ಹಾಡಿಯ ಒಬ್ಬಾಕೆ, "ಈಗ ನಾನು ಸೀನ್ತೀನಿ, ರೆಡಿಯಾಗ್ರಲಾ!" ಎಂದು ಕೂಗಿ, ಬಾರದ ಸೀನನ್ನು ಬರಿಸಿಕೊಂಡಳು. ಭೂಮಿ ಕರವಸ್ತ್ರ ಬಿಚ್ಚಿ ಅಂಗಳಕ್ಕೆ ಇಳಿದು ನಿಂತಿದ್ದಳು. ಪ್ರತಿ ಸೀನಿಗೂ ಅವಳ ಮಂಡಿ ಹಳೇ ಅಭ್ಯಾಸಕ್ಕೆ ಬಗ್ಗುತ್ತಿತ್ತು, ಅಷ್ಟರಲ್ಲಿ ಉಳಿದವರು ಓಡಿರುತ್ತಿದ್ದರು. ಬ್ಯಾರನ್ನಿನ ಹತ್ತಿರ ಒಂದು ಕಲ್ಲು ಮುಂದಕ್ಕೆ ಚಾಚಿರುವುದು ನನ್ನ ಕಣ್ಣಿಗೆ ಬಿತ್ತು. 'ಜೋಪಾನ, ಕಲ್ಲಿದೆ' ಎಂದು ಕೂಗಲು ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಸೊಪ್ಪಿನ ಘಾಟು ನುಗ್ಗಿ, ಬರಬೇಕಾಗಿದ್ದ ಎಚ್ಚರಿಕೆಯ ಬದಲು ನನ್ನ ಜನ್ಮದಲ್ಲೇ ದೊಡ್ಡದಾದ ಒಂದು ಸೀನು ಬಂತು. ಭೂಮಿ ನನ್ನತ್ತ ತಿರುಗಿ ನೋಡಿದಳು. ಮಂಡಿ ಬಗ್ಗಿತು, ಬಗ್ಗಿದ ಮಂಡಿಯಿಂದಲೇ ಅವಳು ಚಿಮ್ಮಿದಳು. ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿ, ಆ ಕಲ್ಲನ್ನು ಅದು ಅಲ್ಲಿಲ್ಲವೆಂಬಂತೆ ದಾಟಿಕೊಂಡು, ಕೂದಲೆಲ್ಲ ಕೆದರಿ ಹಿಂತಿರುಗಿ ಬಂದಳು. ನಾನು ಮೂಗು ಒರೆಸಿಕೊಳ್ಳುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ. ಆ ಮಧ್ಯಾಹ್ನ ಆ ಮನೆಯಲ್ಲಿ ಸೊಪ್ಪಿನ ಕೆಲಸ ಅಷ್ಟೇನೂ ಸಾಗಲಿಲ್ಲ.

ಭಯವೆಂಬುದು ರಕ್ತದಲ್ಲಿ ಬರುವುದೆಂದು ನಾನು ತಿಳಿದಿದ್ದೆ. ರಕ್ತವೆಂದರೆ ಎರಡೂ ಮನೆಯದು ಅವಳಲ್ಲಿ ಇದೆ. ಬಂದದ್ದು ರಕ್ತದಲ್ಲಲ್ಲ, ರೂಢಿಯಲ್ಲಿ. ರೂಢಿಯಾದರೆ ಊರು ಬದಲಾದ ಕಡೆ ತಾನೂ ಬದಲಾಗಬಹುದು. ಹಾಗೆಂದು ಅಮ್ಮನನ್ನು ನಾನು ಹಗುರವಾಗಿ ಆಡಲಾರೆ. ನಾವು ಹೊರಟಾಗಲೆಲ್ಲ ಅವಳಿಗೆ ನಮ್ಮನ್ನು ಇನ್ನಷ್ಟು ಹೊತ್ತು ಕೂರಿಸಿಕೊಳ್ಳುವ ಆಸೆಯಿರುತ್ತಿತ್ತು, ಆ ಆಸೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಅವಳಿಗೆ ಯಾರೂ ಮಾಡಿಸಿರಲಿಲ್ಲ. ಇದು ನನಗೆ ತಿಳಿದದ್ದು ರಾವಂದೂರಿನಿಂದ ಹಿಂತಿರುಗುವ ಬಸ್ಸಿನಲ್ಲಿ, ಭೂಮಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾಗ. ತಿಳಿದ ಮೇಲೂ ನಾನು ಕಿಟಕಿಯ ಗಾಜನ್ನು ಮುಚ್ಚಿದೆ. ಒಂದು ವೇಳೆ ಶೀತವಾದರೆ? ಒಂದೇ ರಜೆಯಲ್ಲಿ ಎಲ್ಲವೂ ಹೋಗುವುದಿಲ್ಲ.

ವಾರ್ಷಿಕೋತ್ಸವದ ಓಟಕ್ಕೆ ಭೂಮಿ ತಾನೇ ಹೆಸರು ಕೊಟ್ಟಳು. ನೋಡಲು ಹನಗೋಡಿನಿಂದ ಅಮ್ಮನೂ ಬಂದಳು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಚಕ್ಕುಲಿ ಡಬ್ಬಿ. ಮೈದಾನದ ಅಂಚಿನಲ್ಲಿ ಜನರ ನಡುವೆ ನಾವಿಬ್ಬರೂ ನಿಂತೆವು. ಸುಣ್ಣದ ಗೆರೆ, ಸಾಲಾಗಿ ಮಕ್ಕಳು, ಮೇಷ್ಟ್ರ ಬಾಯಲ್ಲಿ ಸೀಟಿ. ಗಾಳಿ ಬೀಸಿತು. ನೀವು ನಂಬುವುದಾದರೆ ನಂಬಿ, ಈ ಸಲ ಸೀನಿದವಳು ನಮ್ಮಮ್ಮ. ಒಂದೇ ಒಂದು ಸೀನು, ಗಟ್ಟಿಯಾಗಿ. ಸೀಟಿ ಊದುವ ಮೊದಲೇ ನನ್ನ ಮಗಳು ಒಬ್ಬಳೇ ಗೆರೆಯಿಂದ ಚಿಮ್ಮಿ ಅರ್ಧ ಮೈದಾನ ಓಡಿಬಿಟ್ಟಳು. ಜನ ಹೋ ಎಂದು ನಕ್ಕಿತು. ಮೇಷ್ಟ್ರು, "ಬಾರಮ್ಮ ಬಾ, ಇನ್ನೂ ಊದಿಲ್ಲ!" ಎಂದು ಹಿಂದಿನಿಂದ ಕೂಗಿ ಕರೆದರು. ಭೂಮಿ ನಾಲಿಗೆ ಕಚ್ಚಿಕೊಂಡು ನಗುತ್ತ ಹಿಂತಿರುಗಿ ಬಂದು ನಿಂತಳು.

ಅಮ್ಮನ ಪಾಡು ಮಾತ್ರ ಹೇಳತೀರದು. ತನ್ನದೇ ಒಂಟಿ ಸೀನು, ಅದರ ಮೇಲೆ ಹೊರಟ ಮಗುವನ್ನು ಹಿಂದಿನಿಂದ ಕರೆದದ್ದು ಬೇರೆ. "ಅಯ್ಯೋ, ನನ್ನ ಮೂಗು ಸುಡ್ಲಿ, ಕೂತ್ಕಳೇ ನೀನೂ" ಎನ್ನುತ್ತ ಅವಳು ಹುಲ್ಲಿನ ಮೇಲೆ ಕುಕ್ಕರಿಸಿ, ನನ್ನ ಸೆರಗು ಹಿಡಿದೆಳೆದಳು. ನನ್ನ ಮಂಡಿಯೂ ಬಗ್ಗಿತ್ತೆಂದು ಸುಳ್ಳಿಲ್ಲದೆ ಹೇಳುತ್ತೇನೆ. ಅಷ್ಟರಲ್ಲಿ ಸೀಟಿ ಕೇಳಿಸಿತು. ಮುಂದಿನ ಸಾಲಿನವರೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗಿ ಕೂಗತೊಡಗಿದರು. ಕೂತ ಅಮ್ಮನಿಗೆ ಕಾಣುತ್ತಿದ್ದದ್ದು ಬರೀ ಪಂಚೆ, ಪ್ಯಾಂಟು, ಸೀರೆಯ ನೆರಿಗೆಗಳು. "ಎಲ್ಲೇ? ಕೂಸು ಎಲ್ಲೇ? ಓಡ್ತಾ ಅದಾ?" ಎಂದು ಆ ಕಡೆ ಈ ಕಡೆ ಬಗ್ಗಿ ನೋಡಿದಳು. ಆಮೇಲೆ ನನ್ನ ತೋಳನ್ನು ಭದ್ರವಾಗಿ ಹಿಡಿದು, ನೀರು ಕುಡಿಯದೆ, ಮಳೆ ಬೆಳೆಯ ಮಾತಾಡದೆ, ನಮ್ಮಮ್ಮ ಎದ್ದು ನಿಂತಳು. ತುದಿಗಾಲಲ್ಲಿ ನಿಂತು, ಕೊಡೆಯನ್ನು ಮೇಲಕ್ಕೆತ್ತಿ, "ಓಡೇ! ನಿಲ್ಲಬ್ಯಾಡ ಕಣೇ, ಓಡೇ ನನ್ನವ್ವ!" ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದಳು.

ಭೂಮಿ ಎಷ್ಟನೆಯವಳಾಗಿ ಗೆರೆ ಮುಟ್ಟಿದಳೆಂದು ನನ್ನನ್ನು ಕೇಳಬೇಡಿ. ನಾನು ಅಮ್ಮನನ್ನೇ ನೋಡುತ್ತಿದ್ದೆ.